ದೆವ್ವಕ್ಕೆ ಸ್ವಾಗತ, ಹೊಸಬರಿಗೆ ತಕರಾರು

ಹಾವೊಂದು ಬುಸ್ಸೆನ್ನುತ್ತದೆ, ಹೆಡೆ ಬಿಚ್ಚುತ್ತದೆ, ಗರಗರನೆ ಸುತ್ತುತ್ತದೆ. ಹೊಗೆ ಇಳಿಯುವಷ್ಟರಲ್ಲಿ ಹಸಿರು ರೇಷ್ಮೆ ಸೀರೆ ಉಟ್ಟು, ಸೊಂಟಕ್ಕೆ ಡಾಬು ಕಟ್ಟಿ, ಕಾಡಿಗೆ ತೀಡಿಕೊಂಡ ಹೆಣ್ಣಾಗಿ ನಿಂತಿರುತ್ತದೆ. ಆ ಹೊತ್ತಿಗೆ ನಮ್ಮ ರಾಜರಾಜೇಶ್ವರಿನಗರದಲ್ಲಿ ಟೀವಿ ಮುಂದೆ ಕೂತ ಒಬ್ಬರಾದರೂ "ಅದು ಹೇಗ್ರೀ ಸಾಧ್ಯ?" ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಹೆಚ್ಚೆಂದರೆ "ಸೀರೆ ಅಂಚು ಚೆನ್ನಾಗಿದೆ" ಅನ್ನುತ್ತಾರೆ. ಸತ್ತು ವರ್ಷವಾದ ಸೊಸೆ ಗೋಡೆ ತೂರಿಕೊಂಡು ಅಡುಗೆಮನೆಗೆ ಬಂದರೂ ಹುರುಳಿಕಾಯಿ ಸೋಸುವ ಕೈ ನಿಲ್ಲುವುದಿಲ್ಲ. ಅದೇ ಧಾರಾವಾಹಿಯಲ್ಲಿ ಒಂದು ಸಂಜೆ ಕಾಲಿಂಗ್ ಬೆಲ್ ಬಾರಿಸಿ, ಸೂಟ್‌ಕೇಸ್ ಹಿಡಿದ ಹೊಸ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಲ್ಲಲಿ, ಆಗ ನೋಡಿ. ಹುರುಳಿಕಾಯಿ ತಟ್ಟೆ ಪಕ್ಕಕ್ಕೆ ಸರಿಯುತ್ತದೆ, ಹಣೆ ಮೇಲಿದ್ದ ಕನ್ನಡಕ ಮೂಗಿಗಿಳಿಯುತ್ತದೆ, ವಾಲ್ಯೂಮ್ ಏರುತ್ತದೆ. "ಯಾರೇ ಇವಳು? ಎಲ್ಲಿಂದ ಬಂದ್ಲು? ಇವಳಿಗೇನ್ ಕೆಲಸ ಇಲ್ಲಿ?"

ನಮ್ಮ ಪ್ರೇಕ್ಷಕರಿಗೆ ಅತಿಮಾನುಷದ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವೆಲ್ಲ ಮನುಷ್ಯರ ಮೇಲೆ. ಹಾವು ಹೆಣ್ಣಾಗಬಹುದು, ಹೆಣ್ಣು ದೆವ್ವವಾಗಬಹುದು, ದೆವ್ವ ಮತ್ತೆ ಹುಟ್ಟಿ ಬಂದು ಅದೇ ಗಂಡನನ್ನು ಕಟ್ಟಿಕೊಳ್ಳಬಹುದು. ಆದರೆ ನಾಯಕನಿಗೆ ಇದ್ದಕ್ಕಿದ್ದಂತೆ ಒಬ್ಬ ತಮ್ಮ ಇದ್ದಾನೆ ಅಂದರೆ ಮಾತ್ರ ನಂಬಿಕೆಯ ಬುಡವೇ ಅಲ್ಲಾಡುತ್ತದೆ. "ಇಷ್ಟು ದಿನ ಎಲ್ಲಿ ಹೋಗಿದ್ದ? ಅಕ್ಕನ ಮದುವೆಗೂ ಬರಲಿಲ್ವಲ್ಲ!"

ಈ ಸ್ವಭಾವಕ್ಕೆ ನಮ್ಮ ಬಡಾವಣೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ರಾಜರಾಜೇಶ್ವರಿನಗರ ಅಂದರೆ ಹೊಸಬರೇ ಕಟ್ಟಿದ ಊರು. ಹಲಗೇವಡೇರಹಳ್ಳಿ, ಪಟ್ಟಣಗೆರೆ, ಚನ್ನಸಂದ್ರದ ಮೂಲದವರನ್ನು ಬಿಟ್ಟರೆ, ಮೈಸೂರು ರಸ್ತೆಯ ಆರ್ಚ್ ದಾಟಿ ಒಳಗೆ ಬಂದವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದವರೇ. ಬೆಮೆಲ್ ಲೇಔಟಿನವರಿಗೆ ಐಡಿಯಲ್ ಹೋಮ್ಸಿನವರು ಹೊಸಬರು. ಇಬ್ಬರಿಗೂ ಅಪಾರ್ಟ್‌ಮೆಂಟಿನವರು ಹೊಸಬರು. 2021ರಲ್ಲಿ ನೇರಳೆ ಮೆಟ್ರೊ ಕೆಂಗೇರಿಯವರೆಗೆ ಓಡಲು ಶುರುವಾದ ಮೇಲೆ ಬಂದವರಂತೂ ಮೂವರಿಗೂ ಹೊಸಬರು. ಬಂದ ವಾರವೇ ಗೇಟಿನ ಹತ್ತಿರ ವಿಚಾರಣೆ: "ಸ್ವಂತಾನಾ, ಬಾಡಿಗೇನಾ? ಯಾವ ಕಡೆಯವರು? ಮನೇಲಿ ಎಷ್ಟು ಜನ?" ಉತ್ತರ ಸರಿಬಂದರೆ ಸಂಕ್ರಾಂತಿಗೆ ಎಳ್ಳು ಬೆಲ್ಲ, ಇಲ್ಲದಿದ್ದರೆ ಬರೀ ನಗು. ಧಾರಾವಾಹಿಗೆ ಹೊಸ ಪಾತ್ರ ಬಂದಾಗ ನಡೆಯುವುದೂ ಇದೇ ವಿಚಾರಣೆ. ಒಂದೇ ವ್ಯತ್ಯಾಸ, ಪರದೆಯೊಳಗಿನವಳು ಉತ್ತರ ಹೇಳುವ ಮೊದಲೇ ಜಾಹೀರಾತು ಬಂದುಬಿಡುತ್ತದೆ.

ನಮ್ಮ ಮನೆಯ ನ್ಯಾಯಪೀಠದಲ್ಲಿ ಇಬ್ಬರು ನ್ಯಾಯಮೂರ್ತಿಗಳು. ಹಿರಿಯರು ನಮ್ಮ ಅತ್ತೆ. ಅವರ ವ್ಯಾಪ್ತಿಗೆ ಬರುವುದು ಸಂಜೆ ಆರರಿಂದ ಹತ್ತರವರೆಗಿನ ಕನ್ನಡ ಧಾರಾವಾಹಿಗಳು. ಕಿರಿಯಳು ನನ್ನ ಮಗಳು, ದ್ವಿತೀಯ ಪಿಯುಸಿ. ಅವಳ ವ್ಯಾಪ್ತಿ ರಾತ್ರಿ ಹತ್ತರ ಮೇಲೆ ಹೊದಿಕೆಯೊಳಗಿನ ಮೊಬೈಲಿನಲ್ಲಿ ನಡೆಯುವ ಅಮೆರಿಕದ ರಕ್ತಪಿಶಾಚಿಗಳು. ಇಬ್ಬರಿಗೂ ಪರಸ್ಪರರ ಅಭಿರುಚಿಯ ಮೇಲೆ ಕನಿಕರ. "ಅಜ್ಜಿ ನೋಡೋದು ಬರೀ ಹಾವು" ಅಂತ ಇವಳು. "ಅವಳು ನೋಡೋದು ಬರೀ ಹಲ್ಲು" ಅಂತ ಅವರು. ನಾನು ನಡುವೆ ಕೂತು ಬೀಗ ಹಾಕಿದ ಬಾಯಿ. ಮೇಲ್ಮನವಿ ಏನಾದರೂ ಇದ್ದರೆ ಬೆಳಿಗ್ಗೆ ಪಾರ್ಕಿನ ವಾಕಿಂಗ್ ಗುಂಪಿಗೆ ಹೋಗುತ್ತದೆ. ಅಲ್ಲಿ ಸಕ್ಕರೆ ಕಾಯಿಲೆಯಷ್ಟೇ ಗಂಭೀರವಾಗಿ ಹಿಂದಿನ ರಾತ್ರಿಯ ಎಂಟ್ರಿಗಳ ಚರ್ಚೆಯಾಗುತ್ತದೆ.

ದಾಖಲೆಯಿಂದಲೇ ಮಾತಾಡೋಣ. 2016ರಲ್ಲಿ ಜೀ ಕನ್ನಡದಲ್ಲಿ 'ನಾಗಿಣಿ' ಶುರುವಾಯಿತು. ಅಮೃತಾ ಆಗಿ ದೀಪಿಕಾ ದಾಸ್, ಅರ್ಜುನ್ ಆಗಿ ದೀಕ್ಷಿತ್ ಶೆಟ್ಟಿ. ಹಾವು, ಸೇಡು, ನಾಗಮಣಿ ಎಲ್ಲವನ್ನೂ ಜನ ಗುಟುಕರಿಸಿ ಕುಡಿದರು. ಕಾಲೇಜು ಹುಡುಗಿಯರಿಂದ ಹಿಡಿದು ಅಜ್ಜಿಯರವರೆಗೆ ಅಮೃತಾ ಮನೆಮಗಳಾದಳು. ಆಮೇಲೆ 2020ರಲ್ಲಿ 'ನಾಗಿಣಿ 2' ಬಂತು. ಈ ಸಲ ಶಿವಾನಿ ಎಂಬ ನಾಗಿಣಿ, ಪಾತ್ರಧಾರಿ ನಮ್ರತಾ ಗೌಡ. ಅತ್ತೆ ಮೊದಲ ದೃಶ್ಯದಲ್ಲೇ ರಿಮೋಟು ಕೆಳಗಿಟ್ಟರು. "ಇವಳು ಹಿಮಾ ಅಲ್ವೇನೇ?"

ಹೌದು, ಹಿಮಾನೇ. 'ಪುಟ್ಟಗೌರಿ ಮದುವೆ'ಯಲ್ಲಿ ಗೌರಿಯ ಬಾಳಿಗೆ ಅಡ್ಡ ನಿಂತಿದ್ದ ಹಿಮಾ. "ಗೌರಿಗೆ ಅಷ್ಟು ಗೋಳು ಹುಯ್ಕೊಂಡೋಳು, ಈಗ ದೇವರ ಹಾವು ಆಗಿಬಿಟ್ಲಾ? ನಾಗಪ್ಪಂಗೆ ಬೇರೆ ಯಾರೂ ಸಿಗಲಿಲ್ವಾ?" ಅನ್ನುವುದು ಅತ್ತೆಯ ಆಕ್ಷೇಪಣೆ. ಹಾವು ಹೆಣ್ಣಾದದ್ದಕ್ಕೆ ಆಕ್ಷೇಪವಿಲ್ಲ, ಹಿಮಾ ಹಾವಾದದ್ದಕ್ಕೆ ಇದೆ. ಇನ್ನೊಂದು ಚಾನೆಲ್ಲಿನಲ್ಲಿ, ಇನ್ನೊಂದು ಕಥೆಯಲ್ಲಿ ಮಾಡಿದ ಪಾಪಕ್ಕೆ ಇಲ್ಲಿ ಜಾಮೀನು ಸಿಗಲಿಲ್ಲ. ಕರ್ಮಸಿದ್ಧಾಂತಕ್ಕೆ ಇಷ್ಟು ನಿಷ್ಠರಾದವರನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ. ಹಾಗಂತ ಆ ನಿಷ್ಠೆ ಬಹಳ ದಿನ ಬಾಳಲಿಲ್ಲ ಅನ್ನಿ. ಶಿವಾನಿಯ ಕಣ್ಣಲ್ಲಿ ನೀರು ಬಂದ ದಿನ ಅತ್ತೆಯ ಕಣ್ಣಲ್ಲೂ ಬಂತು. "ಪಾಪ, ಹಾವಾದ್ರೇನು, ಅದಕ್ಕೂ ಮನಸ್ಸಿರಲ್ವಾ" ಅಂತ ತೀರ್ಪು ತಿದ್ದುಪಡಿಯಾಯಿತು. ಹಿಮಾ ಯಾರು ಅಂತ ಕೇಳಿದರೆ ಈಗ ನನ್ನನ್ನೇ ನೋಡುತ್ತಾರೆ.

ಇದೇನೂ ನಮ್ಮೂರಿನದೇ ಕಾಯಿಲೆಯಲ್ಲ. ಹಿಂದಿಯಲ್ಲಿ ಏಕ್ತಾ ಕಪೂರ್ 2015ರಲ್ಲಿ 'ನಾಗಿನ್' ಶುರುಮಾಡಿದಾಗ ಮೌನಿ ರಾಯ್ ಬುಸುಗುಟ್ಟಿದ್ದರು. 2018ರ ಮೂರನೇ ಸೀಸನ್ನಿಗೆ ಸುರಭಿ ಜ್ಯೋತಿ ಬಂದರು, ನಾಲ್ಕಕ್ಕೆ ನಿಯಾ ಶರ್ಮಾ, 2022ರ ಆರಕ್ಕೆ ತೇಜಸ್ವಿ ಪ್ರಕಾಶ್. ಹಾವು ಪೊರೆ ಬಿಡುವುದು ಸಹಜ ತಾನೇ? ಆದರೆ ಪ್ರತಿ ಸಲವೂ ಹಳೆಯ ಹಾವಿನ ಅಭಿಮಾನಿಗಳು ಹೊಸ ಹಾವಿನ ಮೇಲೆ ಮುನಿಸಿಕೊಂಡರು. ನಿಜವಾದ ನಾಗಿನ್ ಯಾರೆಂಬ ಪ್ರಶ್ನೆಗೆ ನಿಜವಾದ ಹಾವುಗಳು ಏನಂದುಕೊಂಡಿರಬಹುದೋ.

ಇನ್ನು ಪಾತ್ರ ಹಳೆಯದೇ, ಮುಖ ಹೊಸದು ಎಂಬ ಪ್ರಕರಣಗಳಿವೆಯಲ್ಲ, ಅವು ಸೀದಾ ಸಾಂವಿಧಾನಿಕ ಪೀಠಕ್ಕೇ ಹೋಗಬೇಕು. 2013ರಲ್ಲಿ ಶುರುವಾದ 'ಲಕ್ಷ್ಮೀ ಬಾರಮ್ಮ'ದಲ್ಲಿ ಚಂದು ಆಗಿದ್ದ ಚಂದನ್ ಕುಮಾರ್ ಹೋಗಿ ಶೈನ್ ಶೆಟ್ಟಿ ಬಂದರು. ಚಿನ್ನು ಆಗಿದ್ದ ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು. ಮನೆ ಅದೇ, ಸೋಫಾ ಅದೇ, ತಾಳಿ ಅದೇ, ಅತ್ತೆಯ ಕಿರಿಕಿರಿಯೂ ಅದೇ. ಮುಖ ಮಾತ್ರ ಬೇರೆ. ಕಥೆಯೊಳಗಿನವರು ಯಾರೂ ಅದನ್ನು ಗಮನಿಸುವುದೇ ಇಲ್ಲ. ಹೆಂಡತಿ ಎದ್ದು ಕಾಫಿ ತಂದುಕೊಡುತ್ತಾಳೆ, ಬೇರೆ ಗಂಡ ಕುಡಿಯುತ್ತಾನೆ. "ಅಯ್ಯೋ, ಅವಳಿಗೆ ಗೊತ್ತಾಗಲ್ವೇನೇ?" ಎಂದು ಪಕ್ಕದ ಮನೆ ಆಂಟಿ ನಿಜವಾಗಿ ಗಾಬರಿಯಾಗಿದ್ದರು. ನಾಗಲೋಕ, ಪಿಶಾಚಲೋಕ ಯಾವುದೂ ಹುಟ್ಟಿಸದ ಭಯವನ್ನು ಆ ಒಂದು ಲೋಟ ಕಾಫಿ ಹುಟ್ಟಿಸಿತು. ಆಮೇಲೆ ಅದೇ ಶೈನ್ ಶೆಟ್ಟಿ ಬಿಗ್ ಬಾಸ್ ಏಳನೇ ಸೀಸನ್ ಗೆದ್ದಾಗ ಆಂಟಿ ಹೇಳಿದ್ದೇನು ಗೊತ್ತೇ? "ನಾನು ಮೊದಲೇ ಹೇಳಿರಲಿಲ್ವಾ, ಚಂದು ಒಳ್ಳೆ ಹುಡುಗ ಅಂತ!"

ಜೀ ಕನ್ನಡದ 'ಜೊತೆ ಜೊತೆಯಲಿ'ಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 2022ರ ಆಗಸ್ಟ್‌ನಲ್ಲಿ ತಂಡಕ್ಕೂ ಆರ್ಯವರ್ಧನ್ ಪಾತ್ರದ ಅನಿರುದ್ಧ ಅವರಿಗೂ ಹಾದಿ ಬೇರೆಯಾಯಿತು. ಅಷ್ಟು ಹೊತ್ತಿಗೆ ಆರ್ಯವರ್ಧನ್ ಕರ್ನಾಟಕದ ಅರ್ಧ ಮನೆಗಳ ಅಳಿಯ. ಹಾಗಾಗಿ ಸುಮ್ಮನೆ ಮುಖ ಬದಲಿಸಿದರೆ ಜನ ಬಿಟ್ಟಾರೆಯೇ? ಕಥೆಯಲ್ಲೊಂದು ಅಪಘಾತ ಮಾಡಿಸಿ, ಹರೀಶ್ ರಾಜ್ ಅವರನ್ನು ತಂದು, ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ಹೊಸ ಮುಖಕ್ಕೊಂದು ಕಾರಣ ಒದಗಿಸಿದರು. ಈ ಶಸ್ತ್ರಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಎಷ್ಟು ಸಾಧ್ಯವೋ ಕೇಳಬೇಡಿ. ನಮ್ಮ ಪಾರ್ಕಿನ ಪ್ರಶ್ನೆ ಬೇರೆಯೇ ಇತ್ತು: "ಮುಖ ಬದಲಾಯಿಸಿದ್ರು, ಸರಿ. ಆದ್ರೆ ಆ ಗತ್ತು?"

ಅದೇ ಧಾರಾವಾಹಿಯಲ್ಲಿ ಅದಕ್ಕೂ ಮುಂಚೆ ನಡೆದದ್ದು ಕೇಳಿದರೆ ನಿಮಗೆ ನನ್ನ ವಾದದ ಅರ್ಧ ಸಿಕ್ಕಿಬಿಡುತ್ತದೆ. 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೇ ರೇ'ಯಿಂದ ಬಂದ ಕಥೆ. 2019ರಲ್ಲಿ ಶುರುವಾದಾಗ ಅದು ನಲವತ್ತು ದಾಟಿದ ಶ್ರೀಮಂತ, ಕಾಲೇಜು ಮುಗಿಸುವ ವಯಸ್ಸಿನ ಅನು ಸಿರಿಮನೆ, ಇಬ್ಬರ ಪ್ರೇಮ. ಮೇಘಾ ಶೆಟ್ಟಿ ಅನು. ಕಥೆ ಮುಂದೆ ಹೋಗುತ್ತ ರಾಜನಂದಿನಿ ಎಂಬ ಹೆಸರು ತೇಲಿತು. ಆರ್ಯವರ್ಧನನ ಮೊದಲ ಹೆಂಡತಿ, ಸತ್ತವಳು, ಅನು ಅವಳದೇ ಪುನರ್ಜನ್ಮ. ಹೆಸರು ಮೊದಲು ಬಂತು, ಮುಖ ಬಹಳ ಆಮೇಲೆ ಬಂತು. ಅಷ್ಟರಲ್ಲಿ ನಮ್ಮ ಓಣಿಯಲ್ಲಿ ರಾಜನಂದಿನಿ ಹೇಗಿರಬೇಕೆಂದು ಎಲ್ಲರಿಗೂ ಒಂದೊಂದು ಕಲ್ಪನೆ. ಕೊನೆಗೆ ಸೋನು ಗೌಡ ರಾಜನಂದಿನಿಯಾಗಿ ಬಂದರು. ಹೊಸ ಪಾತ್ರ, ಅದೂ ನಾಯಕಿಯ ಜಾಗಕ್ಕೇ ಹಕ್ಕು ಕೇಳುವ ಪಾತ್ರ. ತಕರಾರು ಎದ್ದಿತೇ? ಎಲ್ಲಿ! "ಬಂದ್ಲಪ್ಪಾ ಕೊನೆಗೂ" ಅಂತ ಅತ್ತೆ ನೆಮ್ಮದಿಯ ಉಸಿರುಬಿಟ್ಟರು, ಊರಿಗೆ ಹೋದ ನಾದಿನಿ ವಾಪಸು ಬಂದಳೇನೋ ಅನ್ನುವ ಧಾಟಿಯಲ್ಲಿ.

ಯಾಕೆ ಹೀಗೆ? ನನ್ನ ಪ್ರಕಾರ ಉತ್ತರ ಸರಳ. ದೆವ್ವ ಯಾವತ್ತೂ ಹೊಸಬಳಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಇದ್ದವಳೇ ಅವಳು. ಆ ಹಜಾರದಲ್ಲಿ ರಂಗೋಲಿ ಹಾಕಿದವಳು, ಆ ಬೀರುವಿನ ಬೀಗದಕೈ ಇಟ್ಟುಕೊಂಡಿದ್ದವಳು, ಆ ಬಾವಿಗೆ ಬಿದ್ದವಳು ಅಥವಾ ತಳ್ಳಿಸಿಕೊಂಡವಳು. ಲೆಕ್ಕ ಚುಕ್ತಾ ಆಗದೆ ಹೋದವಳು ಲೆಕ್ಕ ಕೇಳಲು ಬಂದರೆ ಅದರಲ್ಲಿ ಆಶ್ಚರ್ಯವೇನು? ಹಾವಿನ ಕಥೆಯೂ ಅಷ್ಟೇ. ಹುತ್ತ ಮೊದಲಿತ್ತು, ಮನೆ ಆಮೇಲೆ ಬಂತು. ಸೂಟ್‌ಕೇಸ್ ಹಿಡಿದು ಬಂದವಳಿಗೆ ಇಂಥ ಯಾವ ದಾಖಲೆಯೂ ಇಲ್ಲ. ಖಾತೆ ಇಲ್ಲ, ಪಹಣಿ ಇಲ್ಲ, ಹಿಂದಿನ ಸಂಚಿಕೆಗಳಲ್ಲಿ ಒಂದು ಫೋಟೊ ಕೂಡ ಇಲ್ಲ.

ಇದಕ್ಕೆ ಕೀರ್ತಿಗಿಂತ ದೊಡ್ಡ ಸಾಕ್ಷಿ ಬೇಡ. 2023ರಲ್ಲಿ ಕಲರ್ಸ್ ಕನ್ನಡದಲ್ಲಿ ಹಳೆಯ ಹೆಸರಿನಲ್ಲೇ ಹೊಸ 'ಲಕ್ಷ್ಮೀ ಬಾರಮ್ಮ' ಶುರುವಾಯಿತು. ಲಕ್ಷ್ಮೀಯಾಗಿ ಭೂಮಿಕಾ ರಮೇಶ್, ಗಂಡ ವೈಷ್ಣವ್ ಆಗಿ ಶಮಂತ್, ಗಂಡನ ಹಳೆಯ ಪ್ರೇಯಸಿ ಕೀರ್ತಿಯಾಗಿ ತನ್ವಿ ರಾವ್. ಕೀರ್ತಿ ಹೊಸದರಲ್ಲಿ ನಮ್ಮ ಓಣಿಯ ಕಣ್ಣಿಗೆ ಮುಳ್ಳು. ಮದುವೆಯಾದ ಗಂಡಸಿನ ಹಿಂದೆ ಬೀಳುತ್ತಾಳೆ, ಕೂಗಾಡುತ್ತಾಳೆ, ಸಾಮಾನು ಒಡೆಯುತ್ತಾಳೆ. "ಮರ್ಯಾದೆ ಇಲ್ಲದ ಹುಡುಗಿ." ಆಮೇಲೆ ಲಕ್ಷ್ಮೀಯ ಅತ್ತೆ ಕಾವೇರಿ ಆಕೆಯನ್ನು ಬೆಟ್ಟದಿಂದ ತಳ್ಳಿದಳು. ಲಕ್ಷ್ಮೀಯ ಮೈಮೇಲೆ ಕೀರ್ತಿ ಬರತೊಡಗಿದಳು. ಕೀರ್ತಿ ಬದುಕಿದ್ದಾಗ ಸಿಗದ ಪ್ರೀತಿಯೆಲ್ಲ ಆಗ ಸಿಕ್ಕಿತು. "ಬಿಡಬೇಡ ಕಣೇ ಆ ಕಾವೇರೀನ" ಅಂತ ಟೀವಿಗೆ ಕುಮ್ಮಕ್ಕು ಕೊಟ್ಟವರು ಅದೇ ಮರ್ಯಾದೆಯ ಪಕ್ಷದವರು. ಮುಂದೆ ಕೀರ್ತಿ ಸತ್ತೇ ಇಲ್ಲ, ಜೀವಂತವಾಗಿದ್ದಾಳೆ ಅಂತ ಗೊತ್ತಾದಾಗ ಪಾರ್ಕಿನಲ್ಲಿ ಸಿಹಿ ಹಂಚುವುದೊಂದು ಬಾಕಿ. ಗಮನಿಸಿ, ಹೆಣ್ಣು ಅವಳೇ, ಸಿಟ್ಟು ಅದೇ, ಕೂಗೂ ಅದೇ. ನಡುವೆ ಒಮ್ಮೆ ಸತ್ತು ಬಂದಳು ಅಷ್ಟೇ. ಅಷ್ಟರಲ್ಲೇ ಸಕಲ ದೋಷ ಪರಿಹಾರ.

ಹೀಗಿರುವಾಗ 2025ರ ಜನವರಿಯಲ್ಲಿ ಜೀ ಕನ್ನಡದಲ್ಲಿ 'ನಾ ನಿನ್ನ ಬಿಡಲಾರೆ' ಬಂದದ್ದು ಸರಿಯಾಗೇ ಇತ್ತು. 1979ರಲ್ಲಿ ಅನಂತನಾಗ್, ಲಕ್ಷ್ಮಿ ಜೋಡಿಯ ಸಿನಿಮಾ ಅದೇ ಹೆಸರಿನಲ್ಲಿ ಊರಿಗೆ ಊರನ್ನೇ ಹೆದರಿಸಿತ್ತು. ಅತ್ತೆಯ ಕಾಲದವರಿಗೆ ಆ ಹೆಸರು ಕೇಳಿದರೆ ಈಗಲೂ ಬೆನ್ನಲ್ಲಿ ತಣ್ಣಗೆ. ಧಾರಾವಾಹಿಯ ಕಥೆ ಬೇರೆ. ಸತ್ತ ತಾಯಿ ಅಂಬಿಕಾ, ಕಾಯಬೇಕಾದ ಮಗು ಹಿತಾ, ಆ ಆತ್ಮವನ್ನು ಕಾಣಬಲ್ಲ ಹುಡುಗಿ ದುರ್ಗಾ. ಮೊದಮೊದಲು ಅತ್ತೆಗೆ ಅನುಮಾನ ಯಾರ ಮೇಲೆ ಬಂತು ಅಂದುಕೊಂಡಿರಿ? ದೆವ್ವದ ಮೇಲಲ್ಲ, ದುರ್ಗಾ ಮೇಲೆ. "ತಾಯಿ ಮಗಳ ಮಧ್ಯೆ ಇವಳ್ಯಾಕೆ?" ಅಂಬಿಕಾ ತಾನೇ ಮುಂದೆ ನಿಂತು ದುರ್ಗಾಳ ಕೈ ಹಿಡಿದ ಮೇಲೆಯೇ ಅತ್ತೆಯ ಹುಬ್ಬು ಇಳಿದದ್ದು. ಮನುಷ್ಯರಿಗೆ ಶಿಫಾರಸು ಪತ್ರ ಬರೆಯುವ ಅಧಿಕಾರ ಈಗ ದೆವ್ವಗಳ ಕೈಗೆ ಹೋಗಿದೆ.

ಇದೆಲ್ಲ ಅಜ್ಜಿಯರ ಪಾಡು, ಹೊಸ ಕಾಲದ ಮಕ್ಕಳು ಹಾಗಲ್ಲ ಅಂತ ನೀವು ಅನ್ನಬಹುದು. ನನ್ನ ಮಗಳೂ ಹಾಗೇ ಅನ್ನುತ್ತಾಳೆ. ಆದರೆ ಅವಳ ದೆವ್ವಗಳ ವಿಚಾರಕ್ಕೆ ಬನ್ನಿ. ಅವಳ ಮೊದಲ ಪ್ರೀತಿ 'ದಿ ವ್ಯಾಂಪೈರ್ ಡೈರೀಸ್'. 2009ರಿಂದ 2017ರವರೆಗೆ ಅಮೆರಿಕದಲ್ಲಿ ನಡೆದ, ಹೈಸ್ಕೂಲ್ ಮಕ್ಕಳ ನಡುವೆ ರಕ್ತಪಿಶಾಚಿಗಳು ಓಡಾಡುವ ಕಥೆ. ಎಲೆನಾ ಎಂಬ ಹುಡುಗಿ, ಆಕೆಗಾಗಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರೂ ನೂರೈವತ್ತು ವರ್ಷ ದಾಟಿದವರು. ಈ ವಯಸ್ಸಿನ ಅಂತರದ ಬಗ್ಗೆ ನನ್ನ ಮಗಳಿಗೆ ಏನೂ ಅನಿಸಿಲ್ಲ. ಆರ್ಯವರ್ಧನನ ಕೂದಲು ಬೆಳ್ಳಗಿದೆ ಅಂತ ಅಜ್ಜಿಯನ್ನು ಗೇಲಿ ಮಾಡಿದವಳು ಇವಳೇ. ಎರಡನೇ ಸೀಸನ್ನಿನ ಹೊತ್ತಿಗೆ, 2011ರಲ್ಲಿ, ಕ್ಲಾಸ್ ಎಂಬ ಕ್ರೂರಿ ಬಂದ. ಕಂಡವರ ಕತ್ತು ಮುರಿಯುವವನು. ಮೊದಲು ಎಲ್ಲರಿಗೂ ಅವನ ಮೇಲೆ ಸಿಟ್ಟು, ಆಮೇಲೆ ಮೆಚ್ಚುಗೆ, ಕೊನೆಗೆ 2013ರಲ್ಲಿ ಅವನದೇ ಕುಟುಂಬಕ್ಕೆ 'ದಿ ಒರಿಜಿನಲ್ಸ್' ಅಂತ ಬೇರೆ ಧಾರಾವಾಹಿಯನ್ನೇ ಮಾಡಿಕೊಟ್ಟರು. ಸಾವಿರ ವರ್ಷದ ಪಿಶಾಚಿ ಅಂದಮೇಲೆ ಅವನೂ ಹಳೇ ನಿವಾಸಿಯೇ ತಾನೇ. ಊರಿನ ಮನುಷ್ಯರಿಗಿಂತ ಅವನಿಗೇ ಹಕ್ಕು ಹೆಚ್ಚು.

ಮಗಳು ನೋಡುವ ಇನ್ನೊಂದು ಧಾರಾವಾಹಿ 'ಸ್ಟ್ರೇಂಜರ್ ಥಿಂಗ್ಸ್' ತೆಗೆದುಕೊಳ್ಳಿ. 2017ರ ಎರಡನೇ ಸೀಸನ್ನಿನಲ್ಲಿ ಸ್ಕೇಟ್‌ಬೋರ್ಡ್ ಹಿಡಿದ ಮ್ಯಾಕ್ಸ್ ಎಂಬ ಕೆಂಪುಕೂದಲಿನ ಹುಡುಗಿ ಕಥೆಯ ಹುಡುಗರ ಗುಂಪಿಗೆ ಸೇರುತ್ತಾಳೆ. ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಎತ್ತಿ ಎಸೆಯಬಲ್ಲ ನಾಯಕಿ ಎಲೆವೆನ್ ಅವಳನ್ನು ದೂರದಿಂದ ನೋಡಿ ಏನು ಮಾಡುತ್ತಾಳೆ ಗೊತ್ತೇ? ಅದೇ ಅಲೌಕಿಕ ಶಕ್ತಿಯಿಂದ ಸ್ಕೇಟ್‌ಬೋರ್ಡ್ ಎಳೆದು ಆ ಹುಡುಗಿಯನ್ನು ಕೆಡವುತ್ತಾಳೆ. ಪ್ರೇಕ್ಷಕರ ಮನಸ್ಸಿನಲ್ಲಿದ್ದದ್ದನ್ನು ನಾಯಕಿಯೇ ಮಾಡಿ ತೋರಿಸಿದ ಅಪರೂಪದ ದೃಶ್ಯ ಅದು. 2022ರಲ್ಲಿ ಎಡ್ಡಿ ಮನ್ಸನ್ ಅನ್ನುವ ಗಿಟಾರಿನ ಹುಡುಗ ಬಂದ, ಅದೇ ಸೀಸನ್ನಿನಲ್ಲಿ ಸತ್ತ. ನನ್ನ ಮಗಳು ಆ ರಾತ್ರಿ ಊಟ ಬಿಟ್ಟಳು. ಕಾರಣ ಕೇಳಿದ ಅಜ್ಜಿ ಸಮಾಧಾನ ಹೇಳಿದರು: "ಅಳಬೇಡ ಪುಟ್ಟಿ, ಇನ್ನೇನು ಮೈಮೇಲೆ ಬರ್ತಾನೆ."

ಇವೆಲ್ಲಕ್ಕೂ ಮುಂಚೆ, 2000ದಲ್ಲೇ, 'ಬಫಿ ದಿ ವ್ಯಾಂಪೈರ್ ಸ್ಲೇಯರ್' ಎಂಬ ಪಿಶಾಚಿ ಬೇಟೆಯ ಧಾರಾವಾಹಿಯವರು ಒಂದು ಮಹಾ ಧೈರ್ಯ ಮಾಡಿದ್ದರು. ನಾಲ್ಕು ಸೀಸನ್ ಪೂರ್ತಿ ಬಫಿ ತಾಯಿಗೆ ಒಬ್ಬಳೇ ಮಗಳು. ಐದನೆಯ ಸೀಸನ್ ಶುರುವಾದರೆ ಮನೆಯಲ್ಲಿ ಡಾನ್ ಎಂಬ ತಂಗಿ! ತಾಯಿ, ಗೆಳೆಯರು ಎಲ್ಲರೂ ಅವಳು ಮೊದಲಿಂದ ಇದ್ದವಳೇ ಅನ್ನುವಂತೆ ವರ್ತಿಸುತ್ತಾರೆ. ನೋಡುವವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಕಾರಣ ಆಮೇಲೆ ತಿಳಿಯಿತು: ಸಂನ್ಯಾಸಿಗಳ ಗುಂಪೊಂದು ಮಂತ್ರಶಕ್ತಿಯಿಂದ ಅವಳನ್ನು ಹುಟ್ಟಿಸಿ, ಎಲ್ಲರ ತಲೆಯಲ್ಲೂ ಸುಳ್ಳು ನೆನಪು ತುಂಬಿತ್ತು. ಇದನ್ನು ಅತ್ತೆಗೆ ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, "ನಮ್ಮೋರು ಅಷ್ಟೂ ಕಷ್ಟಪಡಲ್ಲ ಕಣೇ, 'ಫಾರಿನ್ನಲ್ಲಿ ಓದ್ತಿದ್ಲು' ಅಂದುಬಿಡ್ತಾರೆ" ಅಂದರು. ನಮ್ಮ ಧಾರಾವಾಹಿಗಳಲ್ಲಿ ಆ ಸಂನ್ಯಾಸಿಗಳ ಕೆಲಸವನ್ನು ಫಾರಿನ್ ಎಂಬ ಒಂದು ಶಬ್ದವೇ ಮಾಡಿ ಮುಗಿಸುತ್ತದೆ.

ಹಾಗಾದರೆ ಹೊಸಬರನ್ನು ಕಥೆಯೊಳಗೆ ಕರೆತರುವ ವಿದ್ಯೆ ನಮಗೆ ಬರುವುದೇ ಇಲ್ಲವೇ? ಬರುತ್ತಿತ್ತು. ವ್ಯಾಸರನ್ನು ನೋಡಿ. ಮಹಾಭಾರತದಲ್ಲಿ ಪರ್ವಕ್ಕೊಬ್ಬರು ಹೊಸಬರು ಬರುತ್ತಾರೆ, ಒಬ್ಬರ ಬಗ್ಗೆಯೂ ಕೇಳುಗರು ತಕರಾರು ತೆಗೆದಿಲ್ಲ. ಬರುವವನು ಯಾರ ಮಗ, ಯಾರ ಮೊಮ್ಮಗ, ಯಾವ ಶಾಪದಿಂದ ಹುಟ್ಟಿದವನು, ಹಿಂದಿನ ಜನ್ಮದಲ್ಲಿ ಏನಾಗಿದ್ದ ಎಲ್ಲ ಹೇಳಿಯೇ ಒಳಗೆ ಬಿಡುವುದು. ನಾಗಿಣಿ ಕಥೆಗಳ ಮೂಲ ಅಜ್ಜಿ ಇದ್ದಾಳಲ್ಲ, ಉಲೂಪಿ, ಅವಳು ಗಂಗೆಯಲ್ಲಿ ಸ್ನಾನಕ್ಕಿಳಿದ ಅರ್ಜುನನನ್ನು ನೀರೊಳಗೆಳೆದು ನಾಗಲೋಕಕ್ಕೇ ಒಯ್ದಳು. ಮುಂದೆ ಬಭ್ರುವಾಹನನ ಬಾಣಕ್ಕೆ ಅರ್ಜುನ ಬಿದ್ದಾಗ ಮಣಿ ತರಿಸಿ ಬದುಕಿಸಿದವಳೂ ಅವಳೇ. ನಾಗಕನ್ಯೆ, ಅರ್ಜುನ, ಮಣಿ! ಜೀ ಕನ್ನಡದ ನಾಯಕನಿಗೂ ಅರ್ಜುನ್ ಅಂತಲೇ ಹೆಸರಿಟ್ಟದ್ದು ಕಾಕತಾಳೀಯವೋ, ಯಾರೋ ಜೈಮಿನಿ ಭಾರತ ಓದಿದ್ದರೋ.

ಮುಖ ಬದಲಾಗುವುದೂ ನಮಗೆ ಹೊಸದಲ್ಲ. ಯಕ್ಷಗಾನದಲ್ಲಿ ಇವತ್ತು ಒಬ್ಬರ ರಾವಣ, ನಾಳೆ ಇನ್ನೊಬ್ಬರದು. ಮೀಸೆ ಬೋಳಿಸಿಕೊಂಡು ಬಂದ ಗಂಡಸೇ ದ್ರೌಪದಿ. 1977ರ 'ಬಬ್ರುವಾಹನ' ಸಿನಿಮಾದಲ್ಲಿ ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಬೈದಾಡಿಕೊಂಡರು, ಜನ ಶಿಳ್ಳೆ ಹೊಡೆದರು. ಯಾರೂ ಮುಖದ ಲೆಕ್ಕ ಕೇಳಲಿಲ್ಲ. ಯಾಕೆಂದರೆ ಅಲ್ಲಿ ಪಾತ್ರ ಮೊದಲೇ ನಮ್ಮದು, ಬಂದು ಆಡಿಹೋಗುವವರು ಮಾತ್ರ ಬೇರೆ ಬೇರೆ. ಧಾರಾವಾಹಿಯಲ್ಲಿ ಉಲ್ಟಾ. ವಾರಕ್ಕೆ ಐದಾರು ದಿನ, ಊಟದ ಹೊತ್ತಿಗೆ, ನಮ್ಮ ಹಜಾರಕ್ಕೆ ಬರುವುದು ಪಾತ್ರವಲ್ಲ, ಮುಖ. ವರ್ಷಗಟ್ಟಲೆ ಬಂದ ಮುಖ. ಅದನ್ನು ತೆಗೆದು ಇನ್ನೊಂದನ್ನು ಕೂರಿಸಿದರೆ ಸಿಟ್ಟು ಬರದೆ ಇರುತ್ತದೆಯೇ?

ಧಾರಾವಾಹಿ ಮಾಡುವವರ ಕಷ್ಟವೂ ಸಣ್ಣದಲ್ಲ. 2015ರಿಂದ ಬಾರ್ಕ್ ಎಂಬ ಸಂಸ್ಥೆ ಲೆಕ್ಕ ಹಾಕುವ ಟಿಆರ್‌ಪಿ ಗುರುವಾರ ಗುರುವಾರ ಬರುತ್ತದೆ. ನಮ್ಮ ಮಕ್ಕಳ ಪರೀಕ್ಷೆ ವರ್ಷಕ್ಕೆರಡು, ಅವರದು ವಾರವಾರ. ಅಂಕ ಇಳಿದರೆ ಬರುವುದು ಮೂರು ದಾರಿ: ಯಾರನ್ನಾದರೂ ಸಾಯಿಸಬೇಕು, ಸತ್ತವರನ್ನು ಎಬ್ಬಿಸಬೇಕು, ಇಲ್ಲವೇ ಹೊಸಬರನ್ನು ತರಬೇಕು. ಮೊದಲ ಎರಡು ಸುಲಭ, ಜನ ಖುಷಿಯಾಗಿ ನೋಡುತ್ತಾರೆ. ಮೂರನೆಯದೇ ಪೇಚಾಟದ್ದು. ಅದಕ್ಕೇ ಹೊಸಬರು ಬಂದಾಗ ಪ್ರೋಮೊದಲ್ಲಿ ಅಷ್ಟು ಗಾಳಿ, ಅಷ್ಟು ಸ್ಲೋ ಮೋಷನ್, ಚಪ್ಪಲಿಯಿಂದ ಶುರುವಾಗಿ ಮುಖಕ್ಕೆ ಬರುವಷ್ಟರಲ್ಲಿ ಒಂದು ಮಹಾಸಂಚಿಕೆ ಮುಗಿದಿರುತ್ತದೆ. ಇಷ್ಟು ಆರ್ಭಟ ಕಂಡರೆ ಅನುಮಾನ ಇನ್ನೂ ಹೆಚ್ಚುತ್ತದೆ. "ಬರೋ ಮುಂಚೇನೇ ಇಷ್ಟು ಜಂಭ, ಬಂದ ಮೇಲೆ ಇನ್ನೆಷ್ಟೋ" ಅನ್ನುವುದು ಪಾರ್ಕಿನ ತೀರ್ಮಾನ.

ನಮ್ಮ ರಾಜರಾಜೇಶ್ವರಿನಗರದವರಿಗೆ ಇನ್ನೊಂದು ವಿಶೇಷ ಅಧಿಕಾರವಿದೆ. ಇಲ್ಲಿನ ದೊಡ್ಡ ಬಂಗಲೆಗಳಲ್ಲಿ ಶೂಟಿಂಗ್ ನಡೆಯುವುದು ಹೊಸದೇನಲ್ಲ. ಬೆಳಿಗ್ಗೆ ಜನರೇಟರ್ ವ್ಯಾನ್ ಬಂದು ನಿಂತಿತೆಂದರೆ ಆ ರಸ್ತೆಯಲ್ಲಿ ಅವತ್ತು ಯಾರದೋ ಮದುವೆ ಮುರಿಯುತ್ತದೆ, ಇಲ್ಲವೇ ಯಾರದೋ ಆತ್ಮ ಅಲೆಯುತ್ತದೆ. ಕಾಂಪೌಂಡಿನ ಹೊರಗೆ ಕಿರುತೆರೆಯ ರಕ್ತಪಿಪಾಸು ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತ ಮಗುವಿನ ಹೋಮ್‌ವರ್ಕ್ ಬಗ್ಗೆ ಫೋನಿನಲ್ಲಿ ವಿಚಾರಿಸುತ್ತಿರುತ್ತಾರೆ. ದೆವ್ವದ ವೇಷದವಳು ಬಿಳಿ ಸೀರೆ ಕೊಳೆಯಾಗದಿರಲಿ ಅಂತ ಎತ್ತಿ ಕಟ್ಟಿಕೊಂಡು ಇಡ್ಲಿ ತಿನ್ನುತ್ತಿರುತ್ತಾಳೆ. ನಮ್ಮ ವಾಕಿಂಗ್ ಗುಂಪು ಅವಳ ಮುಂದೆ ನಿಂತು ಪ್ರೀತಿಯಿಂದ ಮಾತಾಡಿಸುತ್ತದೆ: "ಚಟ್ನಿ ಖಾರ ಇಲ್ವೇನಮ್ಮಾ?" ಅದೇ ಗುಂಪು ಪಕ್ಕದಲ್ಲಿ ನಿಂತಿರುವ, ನಾಳೆಯಿಂದ ಎಂಟ್ರಿ ಕೊಡಲಿರುವ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ನೀನೇನಪ್ಪಾ, ಯಾರ ಬದಲಿಗೆ?" ಅಂತ ಕೇಳುತ್ತದೆ. ಆ ಹುಡುಗನ ಮುಖ ನೋಡಬೇಕಿತ್ತು. ಇನ್ನೂ ಕ್ಯಾಮೆರಾ ಮುಂದೆ ನಿಂತಿಲ್ಲ, ಆಗಲೇ ಅಪರಾಧಿ.

ಹಾಗಂತ ಅಭಿಮಾನಿಗಳನ್ನು ಕಲ್ಲುಹೃದಯದವರು ಅನ್ನಬೇಡಿ. ಅವರ ಸಿಟ್ಟಿನ ಆಯಸ್ಸು ನನಗೆ ಬಾಯಿಪಾಠ. ಮೊದಲ ವಾರ "ಇವಳ್ಯಾಕೆ ಬಂದ್ಲು". ಎರಡನೇ ವಾರ "ಆ್ಯಕ್ಟಿಂಗ್ ಬರಲ್ಲ". ಮೂರನೇ ವಾರ "ಕಣ್ಣು ಪರವಾಗಿಲ್ಲ". ತಿಂಗಳಾಗುವಾಗ "ಪಾಪ, ಅವಳಿಗೂ ಅನ್ಯಾಯ ಆಗಿದೆ". ಆರು ತಿಂಗಳಿಗೆ ಅವಳನ್ನು ತೆಗೆದು ಇನ್ನೊಬ್ಬಳನ್ನು ತಂದರೆ "ಅಯ್ಯೋ, ಎಷ್ಟು ಚೆನ್ನಾಗಿ ಮಾಡ್ತಿದ್ಲು, ಇವಳ್ಯಾಕೆ ಬಂದ್ಲು". ಒಂದು ಸುತ್ತು ಮುಗಿಯಿತು. ಮಗಳಿಗೆ ಇದನ್ನು ತೋರಿಸಿ ನಗಲು ಹೋದೆ. ಅವಳು ಕಿವಿಯ ಇಯರ್‌ಫೋನ್ ತೆಗೆದು, "ಅಮ್ಮಾ, ಅಜ್ಜಿ ಥರ ಅಲ್ಲ ನಾವು. ನಮಗೆ ಕ್ಯಾರೆಕ್ಟರ್ ಡೆವಲಪ್‌ಮೆಂಟ್ ಮುಖ್ಯ" ಅಂದಳು. ಒಳಗಿನಿಂದ ಅತ್ತೆ ಕೂಗಿದರು: "ನಮಗೂ ಅದೇ ಕಣೇ. ಅಳ್ತಾಳಾ ಇಲ್ವಾ, ಅದೇ ಮುಖ್ಯ."

ಎಲ್ಲ ಕೇಳಿದ ಮೇಲೆ ಧಾರಾವಾಹಿ ಬರೆಯುವ ಮಹನೀಯರಿಗೆ ನನ್ನದೊಂದು ಉಚಿತ ಸಲಹೆ. ಹೊಸಬರನ್ನು ತರುವುದಿದ್ದರೆ ದಯವಿಟ್ಟು ಕಾಲಿಂಗ್ ಬೆಲ್ ಬಾರಿಸಬೇಡಿ, ಸೂಟ್‌ಕೇಸ್ ಕೊಡಬೇಡಿ, ಫಾರಿನ್ನಿನಿಂದ ಇಳಿಸಬೇಡಿ. ಮೊದಲು ಅವರನ್ನು ಸಾಯಿಸಿ. ಹಜಾರದ ಗೋಡೆಗೆ ಹಾರ ಹಾಕಿದ ಫೋಟೊ ತಗುಲಿಸಿ, ಆರು ತಿಂಗಳು ಅದರ ಮುಂದೆ ಯಾರಾದರೂ ಬಿಕ್ಕಿ ಬಿಕ್ಕಿ ಅಳಲಿ, ದೀಪ ಆಗಾಗ ಆರಲಿ, ಬೀರುವಿನಿಂದ ಹಳೆಯ ಸೀರೆಯೊಂದು ಹೊರಬೀಳಲಿ. ಆಮೇಲೆ ಅವರನ್ನು ಗೋಡೆ ತೂರಿಸಿ ಒಳಗೆ ಕಳಿಸಿ. ಯಾವ ಪಾರ್ಕಿನಲ್ಲೂ ಒಂದು ಸೊಲ್ಲು ಏಳುವುದಿಲ್ಲ, ಗುರುವಾರದ ಅಂಕವೂ ಏರುತ್ತದೆ. ಸ್ವಂತಾನಾ ಬಾಡಿಗೇನಾ ಅಂತ ನಮ್ಮ ಅತ್ತೆಯೂ ಕೇಳುವುದಿಲ್ಲ. ದೆವ್ವಕ್ಕೆ ಮನೆ ಯಾವತ್ತಿದ್ದರೂ ಸ್ವಂತದ್ದೇ.